ಕರ್ನಲ್ ಸಾಹೇಬರು ಟಿಕೆಟ್ ಕೇಳಿದಾಗ: ದಾವಣಗೆರೆ ಲೋಕಸಭಾ ಕ್ಷೇತ್ರದ ಒಂದು ಪ್ರಕರಣ ಅಧ್ಯಯನ

ಟಿಕೆಟ್ ಕೇಳಿದ ನಿವೃತ್ತ ಕರ್ನಲ್ ಒಬ್ಬರ ಕರಪತ್ರದಲ್ಲಿದ್ದದ್ದು ಮೂರೇ ಸಾಲು. ‘ಮೂವತ್ತೆರಡು ವರ್ಷ ಗಡಿ ಕಾಯ್ದವರು. ಶಿಸ್ತಿಗೆ ಇನ್ನೊಂದು ಹೆಸರು. ದೇಶ ನಡೆಸೋಕೆ ಇನ್ನೇನು ಬೇಕು?’ ಬರೆದವರು ಕೊನೆಯ ಸಾಲನ್ನು ಉತ್ತರ ಅಂತಲೇ ಬರೆದಿದ್ದಾರೆ. ಇಲ್ಲಿ ಅದನ್ನು ಪ್ರಶ್ನೆಯಾಗಿಯೇ ತಗೊಂಡಿದ್ದೇವೆ.

ಈ ಪ್ರಕರಣದ ಅಭ್ಯರ್ಥಿಯನ್ನೂ ಅವರನ್ನು ಪರೀಕ್ಷಿಸುವ ಸಮಿತಿಯನ್ನೂ ಅಧ್ಯಯನಕ್ಕಾಗಿ ಕಟ್ಟಿಕೊಂಡದ್ದು. ಇಂಥವರೇ ಅಂತ ಯಾರ ಕಡೆಗೂ ಬೊಟ್ಟು ಮಾಡಿದ್ದಲ್ಲ. ಕ್ಷೇತ್ರ, ಕಾನೂನು, ಕಾಲುವೆ, ಇತಿಹಾಸ ಮಾತ್ರ ಇರುವಂಥವೇ.

ಸಂದರ್ಭ

ಅಭ್ಯರ್ಥಿ ಜಗಳೂರು ತಾಲ್ಲೂಕಿನವರು. ವಯಸ್ಸು 55. ಇಪ್ಪತ್ತೆರಡಕ್ಕೆ ಭೂಸೇನೆ ಸೇರಿ, ಕರ್ನಲ್ ಶ್ರೇಣಿಯ ನಿವೃತ್ತಿ ವಯಸ್ಸಾದ 54ಕ್ಕೆ ಊರಿಗೆ ಬಂದವರು. ಒಂದು ಪಕ್ಷದ ಜಿಲ್ಲಾ ಘಟಕಕ್ಕೆ ಅರ್ಜಿ ಹಾಕಿದ್ದಾರೆ: ಲೋಕಸಭೆಗೆ ಟಿಕೆಟ್ ಕೊಡಿ, ಗೆದ್ದರೆ ದೆಹಲಿಯಲ್ಲಿ ರಕ್ಷಣೆಯ ವಿಷಯ ನೋಡಿಕೊಳ್ಳುತ್ತೇನೆ. ಬರೀ ಸಂಸದನಾಗುವ ಆಸೆಯಲ್ಲ ಅದು, ರಾಷ್ಟ್ರಮಟ್ಟದ ನಾಯಕತ್ವದ ಆಸೆ. ಅದನ್ನು ಅವರು ಮುಚ್ಚಿಟ್ಟಿಲ್ಲ, ಮುಚ್ಚಿಡಬೇಕಾದದ್ದೂ ಇಲ್ಲ.

ಘಟಕದಲ್ಲಿ ಎರಡು ಗುಂಪು. ‘ಮಿಲ್ಟ್ರಿಯೋರು ಅಂದ್ರೆ ಜನ ಕೈ ಮುಗೀತಾರೆ, ಲಂಚ ಮುಟ್ಟಲ್ಲ, ಮಾತಿಗೆ ತಪ್ಪಲ್ಲ’ ಅನ್ನುವುದು ಒಂದು. ‘ಆರ್ಡರ್ ಕೊಟ್ಟು ರೂಢಿ, ಬೇಡಿ ರೂಢಿ ಇಲ್ಲ’ ಅನ್ನುವುದು ಇನ್ನೊಂದು. ಐವರ ಪರಿಶೀಲನಾ ಸಮಿತಿ ಎರಡು ವಾರದಲ್ಲಿ ಒಂದು ಪುಟದ ಟಿಪ್ಪಣಿ ಬರೆದು ಮೇಲೆ ಕಳಿಸಬೇಕು.

ಕ್ಷೇತ್ರ ಸಣ್ಣದಲ್ಲ. ಜಗಳೂರು, ಹರಪನಹಳ್ಳಿ, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ ಎಂಬ ಎಂಟು ವಿಧಾನಸಭಾ ಕ್ಷೇತ್ರ, ಮತದಾರರು 17 ಲಕ್ಷದ ಆಸುಪಾಸು. ಒಂದು ಕಡೆ ಜಗಳೂರಿನ ಒಣಭೂಮಿ, ಇನ್ನೊಂದು ಕಡೆ ಭದ್ರಾ ಕಾಲುವೆಯ ಭತ್ತ, ಚನ್ನಗಿರಿಯ ಅಡಿಕೆ. ಇದರ ನಡುವೆ ಹಳೇ ಹತ್ತಿಗಿರಣಿಗಳ ನೆನಪಿನ ಮೇಲೆ ಬದುಕುತ್ತಿರುವ ಪೇಟೆ.

ಕಾನೂನು ಕೇಳುವುದೆಷ್ಟು

ಬಹಳ ಕಡಿಮೆ. ಸಂವಿಧಾನದ 84ನೇ ವಿಧಿಗೆ ಬೇಕಾದದ್ದು ಪೌರತ್ವ, 25 ವರ್ಷ ವಯಸ್ಸು, ಒಂದು ಪ್ರಮಾಣವಚನ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಬೇಕಾದದ್ದು ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರು. ಓದು ಕೇಳಿಲ್ಲ, ಬಂದೂಕೂ ಕೇಳಿಲ್ಲ. 53ನೇ ವಿಧಿಯ ಪ್ರಕಾರ ರಕ್ಷಣಾ ಪಡೆಗಳ ಸರ್ವೋಚ್ಚ ಅಧಿಪತ್ಯ ಇರುವುದು ರಾಷ್ಟ್ರಪತಿಯ ಕೈಯಲ್ಲಿ. ಆ ಹುದ್ದೆಗೂ ಸೇನೆಯಲ್ಲಿದ್ದಿರಬೇಕು ಅಂತ ಸಂವಿಧಾನ ಹೇಳಿಲ್ಲ. ಈವರೆಗಿನ ಪ್ರಧಾನಿಗಳಲ್ಲಿ ಒಬ್ಬರೂ ಸೇನೆಯ ಸಮವಸ್ತ್ರ ತೊಟ್ಟವರಲ್ಲ.

ಹಾಗಂತ ಕಾನೂನಿನ ಭಾಗವನ್ನು ಓಡಿಸಿಕೊಂಡು ಹೋಗುವಂತಿಲ್ಲ. ನಿವೃತ್ತ ಸೈನಿಕರ ನಾಮಪತ್ರ ಎಡವುವುದು ದೊಡ್ಡ ವಿಷಯಕ್ಕಲ್ಲ, ಇಂಥ ಸಣ್ಣ ಕಡೆಗಳಲ್ಲೇ.

ಮೊದಲನೆಯದು ಮತದಾರರ ಪಟ್ಟಿ. ಸೇವೆಯಲ್ಲಿದ್ದಾಗ ಇವರು ಸೇವಾ ಮತದಾರರು. ಹೆಸರು ಹುಟ್ಟೂರಿನ ಪಟ್ಟಿಯ ಕೊನೆಯ ಭಾಗದಲ್ಲಿ ಬೇರೆಯಾಗಿ ಇರುತ್ತದೆ. ನಿವೃತ್ತಿಯಾದ ಮೇಲೆ ಆ ನಮೂದಿಗೆ ಆಧಾರವೇ ಇಲ್ಲ. ನಮೂನೆ 6 ತುಂಬಿ ಸಾಮಾನ್ಯ ಮತದಾರರಾಗಿ ಹೊಸದಾಗಿ ಸೇರಬೇಕು. ಬಹಳ ಜನ ‘ನನ್ನ ಹೆಸರು ಊರಲ್ಲಿ ಇದ್ದೇ ಇದೆ’ ಅಂದುಕೊಂಡು ಸುಮ್ಮನಿರುತ್ತಾರೆ. ಅರ್ಜಿ ಹಾಕಿದ ಮೇಲೂ ಆಕ್ಷೇಪಣೆಗೆ ಏಳು ದಿನ ಬೇಕು, ಆದ್ದರಿಂದ ನಾಮಪತ್ರದ ಕೊನೆಯ ವಾರದಲ್ಲಿ ಎಚ್ಚರವಾದರೆ ಕೈಮೀರಿದಂತೆಯೇ. ಪಟ್ಟಿಯಲ್ಲಿ ಹೆಸರಿಲ್ಲದವನು 32 ವರ್ಷ ಗಡಿ ಕಾಯ್ದಿದ್ದರೂ ಅಭ್ಯರ್ಥಿಯಲ್ಲ.

ಎರಡನೆಯದು ಮರುನೇಮಕ. ಕರ್ನಲ್ ದರ್ಜೆಯವರು ನಿವೃತ್ತಿಯ ನಂತರ ಸೇನೆಯಲ್ಲೇ ಕೆಲವು ವರ್ಷ ಮರುನೇಮಕದ ಮೇಲೆ ಇರುವುದುಂಟು. ಪಿಂಚಣಿ ಲಾಭದಾಯಕ ಹುದ್ದೆಯಲ್ಲ. ಮರುನೇಮಕದ ಹುದ್ದೆ ಮಾತ್ರ ಲಾಭದಾಯಕ ಹುದ್ದೆಯಲ್ಲಿರುವವರನ್ನು ಅನರ್ಹಗೊಳಿಸುವ 102ನೇ ವಿಧಿಯ ಕೆಳಗೆ ಬರುತ್ತದೆ. ರಾಜೀನಾಮೆ ಕೊಟ್ಟರೆ ಸಾಲದು, ಅದು ಅಂಗೀಕಾರವಾಗಿ ಬಿಡುಗಡೆಯ ಆದೇಶ ಕೈಗೆ ಬಂದಿರಬೇಕು. ಚುನಾವಣಾಧಿಕಾರಿ ನೋಡುವುದು ನಾಮಪತ್ರ ಪರಿಶೀಲನೆಯ ದಿನದ ಸ್ಥಿತಿಯನ್ನು. ನಮ್ಮ ಕರ್ನಲ್‌ಗೆ ಈ ತೊಡಕಿಲ್ಲ. ನೇರ ಮನೆಗೆ ಬಂದವರು.

ಮೂರನೆಯದು ವಜಾ. ಸರ್ಕಾರಿ ಸೇವೆಯಿಂದ ವಜಾ ಆಗಿ ಐದು ವರ್ಷ ತುಂಬಿರದಿದ್ದರೆ, ಭ್ರಷ್ಟಾಚಾರಕ್ಕಾಗಲಿ ದೇಶನಿಷ್ಠೆಯ ಲೋಪಕ್ಕಾಗಲಿ ವಜಾ ಆದದ್ದಲ್ಲ ಎಂಬ ಚುನಾವಣಾ ಆಯೋಗದ ಪ್ರಮಾಣಪತ್ರ ನಾಮಪತ್ರದ ಜೊತೆಗೇ ಇರಬೇಕು. 2019ರಲ್ಲಿ ವಾರಾಣಸಿಯಲ್ಲಿ ಗಡಿ ಭದ್ರತಾ ಪಡೆಯ ಮಾಜಿ ಯೋಧ ತೇಜ್ ಬಹದ್ದೂರ್ ಯಾದವ್ ಅವರ ನಾಮಪತ್ರ ಬಿದ್ದದ್ದು ಈ ಪತ್ರ ಇಲ್ಲದ್ದಕ್ಕೆ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 2020ರಲ್ಲಿ ಅಲ್ಲಿಯೂ ನಿಲ್ಲಲಿಲ್ಲ. (ಗಡಿ ಭದ್ರತಾ ಪಡೆ ಸೇನೆಯ ಭಾಗವಲ್ಲ, ಗೃಹ ಸಚಿವಾಲಯದ ಪಡೆ. ನಮ್ಮ ಊರುಗಳಲ್ಲಿ ಎರಡಕ್ಕೂ ‘ಮಿಲ್ಟ್ರಿ’ ಅಂತಲೇ ಹೆಸರು.)

ಉಳಿದದ್ದು ಎಲ್ಲರಿಗೂ ಇರುವ ಲೆಕ್ಕ: 25,000 ರೂಪಾಯಿ ಠೇವಣಿ, ಆಸ್ತಿ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್, ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ, ಪಕ್ಷೇತರರಿಗೆ ಹತ್ತು. ಟಿಕೆಟ್ ಸಿಗದೆ ಪಕ್ಷೇತರನಾಗಿ ನಿಂತರೆ? 13 ಲಕ್ಷ ಸಿಂಧು ಮತ ಬಿದ್ದರೆ ಠೇವಣಿ ಉಳಿಯಲು ಅದರ ಆರನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ 2,16,667 ಬೇಕು. ‘ಮಾಜಿ ಸೈನಿಕರ ಓಟೆಲ್ಲ ನಮಗೇ’ ಅನ್ನುವ ಬೆಂಬಲಿಗರ ಮುಂದೆ ಈ ಸಂಖ್ಯೆ ಇಟ್ಟರೆ ಮಾತು ತಾನಾಗಿಯೇ ತಗ್ಗುತ್ತದೆ.

32 ವರ್ಷವನ್ನು ಬಿಡಿಸಿದರೆ

ಸಮಿತಿ ಮಾಡಿದ ನಿಜವಾದ ಕೆಲಸ ಇದು. ‘ಸೇವೆ’ ಅನ್ನುವುದು ಒಂದೇ ಗಂಟಲ್ಲ. ಪೋಸ್ಟಿಂಗ್‌ಗಳ ಪಟ್ಟಿ ತರಿಸಿ, ರಹಸ್ಯದ ವಿವರ ಯಾವುದನ್ನೂ ಕೇಳದೆ, ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಬರೆದರು: ಈ ಜಾಗದಲ್ಲಿ ಇವರ ಮಾತಿಗೆ ‘ಆಗಲ್ಲ’ ಅನ್ನುವ ಹಕ್ಕು ಯಾರಿಗಿತ್ತು?

ಜಮ್ಮು ಕಾಶ್ಮೀರ, ಈಶಾನ್ಯ, ಸಿಯಾಚಿನ್ ಸೇರಿ ರಣಕ್ಷೇತ್ರದ ಪೋಸ್ಟಿಂಗ್ 13 ವರ್ಷ. ಕೇಂದ್ರ ಕಚೇರಿಗಳಲ್ಲಿ ಸ್ಟಾಫ್ ಕೆಲಸ 8. ತರಬೇತಿ ಶಾಲೆಯಲ್ಲಿ ಬೋಧಕ 3. ತಾವೇ ಕಲಿಯಲು ಹೋದದ್ದು 2. ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ (ಸಿಒ) ಆಗಿ ಎರಡೂವರೆ. ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಲ್ಲಿ ಎರಡೂವರೆ. ಕಾಂಗೋದಲ್ಲಿ ವಿಶ್ವಸಂಸ್ಥೆಯ ಮಿಲಿಟರಿ ವೀಕ್ಷಕರಾಗಿ 1.

ಕರಪತ್ರಕ್ಕೆ ಸಿಕ್ಕದ್ದು ಸಿಯಾಚಿನ್. ಸಮಿತಿಗೆ ಮುಖ್ಯ ಅನಿಸಿದ್ದು ಕೊನೆಯ ಎರಡು.

ಬೆಟಾಲಿಯನ್ ಕಮಾಂಡ್ ದೊಡ್ಡ ಜವಾಬ್ದಾರಿ, ಸಂಶಯವಿಲ್ಲ. ಸುಮಾರು 800 ಜನರ ಊಟ, ರಜೆ, ಶಿಕ್ಷೆ, ಜೀವ ಎಲ್ಲ ಒಬ್ಬನ ತಲೆ ಮೇಲೆ. ಸತ್ತ ಹುಡುಗನ ಮನೆಗೆ ಪತ್ರ ಬರೆಯುವ ಕೈಯೂ ಅದೇ. ಯುದ್ಧ ಅಂತ ಟಿವಿಯಲ್ಲಿ ಕಿರುಚುವವರಿಗಿಂತ ಇಂಥವರು ಆ ಶಬ್ದವನ್ನು ತೂಕವಾಗಿ ಬಳಸುತ್ತಾರೆ. ರಾಷ್ಟ್ರನಾಯಕನಲ್ಲಿ ಇದಕ್ಕೆ ಬೆಲೆ ಇದೆ. ಆದರೆ ಆ 800 ಜನರಲ್ಲಿ ಒಬ್ಬನೂ ಆದೇಶಕ್ಕೆ ಇಲ್ಲ ಅನ್ನುವಂತಿರಲಿಲ್ಲ. ಇಲ್ಲ ಅಂದರೆ 1950ರ ಸೇನಾ ಕಾಯ್ದೆ ಇತ್ತು. ಸಂಸದನ ಹಿಂದೆ ಅಂಥ ಕಾಯ್ದೆ ಯಾವುದೂ ಇರುವುದಿಲ್ಲ.

ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನ ದಿನಗಳಲ್ಲಿ ಇವರು ಒಂದು ಕಂಟೋನ್ಮೆಂಟ್ ಬೋರ್ಡಿನ, ಅಂದರೆ ದಂಡು ಪ್ರದೇಶದ ಪುರಸಭೆಯಂಥ ಮಂಡಳಿಯ, ನಾಮನಿರ್ದೇಶಿತ ಸದಸ್ಯ. 2006ರ ಕಂಟೋನ್ಮೆಂಟ್ ಕಾಯ್ದೆಯಂತೆ ಬೋರ್ಡಿನ ಅಧ್ಯಕ್ಷ ಸೇನಾಧಿಕಾರಿ, ಉಪಾಧ್ಯಕ್ಷ ಚುನಾಯಿತ ಸದಸ್ಯರಲ್ಲೊಬ್ಬ. ನೀರಿನ ತೆರಿಗೆ, ಚರಂಡಿ, ಅನಧಿಕೃತ ಮಹಡಿ, ದನದ ಕೊಟ್ಟಿಗೆ. ಎದುರಿಗೆ ಕೂತ ವಾರ್ಡ್ ಸದಸ್ಯ ‘ನನ್ನ ಜನ ಒಪ್ಪಲ್ಲ’ ಅಂದರೆ ಅವನಿಗೆ ಸೆಲ್ಯೂಟ್ ಹೊಡೆಸಲಾಗದು. ಕಾಂಗೋದ ವರ್ಷ ಇನ್ನೂ ನೇರ: ವಿಶ್ವಸಂಸ್ಥೆಯ ಮಿಲಿಟರಿ ವೀಕ್ಷಕರ ಕೈಯಲ್ಲಿ ಆಯುಧವೇ ಇರುವುದಿಲ್ಲ. ಹಳ್ಳಿಯ ಮುಖಂಡ, ಬಂಡುಕೋರ, ಸರ್ಕಾರಿ ಸೈನಿಕ ಮೂವರ ಹತ್ತಿರವೂ ಮಾತಾಡಿಯೇ ಕೆಲಸ ಆಗಬೇಕು.

ಹಾಗೆ ಲೆಕ್ಕ ಹಾಕಿದರೆ 32ರಲ್ಲಿ ಮೂರೂವರೆ ವರ್ಷ. ಕೋವಿ ಇಲ್ಲದ ಆ ಒಂದು ವರ್ಷವೇ ಟಿಕೆಟ್ಟಿಗೆ ಹೆಚ್ಚು ಹತ್ತಿರದ್ದು ಅಂತ ಹೇಳಿದಾಗ ಕರ್ನಲ್ ಬೆಂಬಲಿಗರು ಗೊಣಗಿದರು. ಕರ್ನಲ್ ಗೊಣಗಲಿಲ್ಲ, ಕಾಂಗೋದ ಮಾತು ಕರಪತ್ರದಲ್ಲಿ ಯಾಕೆ ಇಲ್ಲ ಅಂತ ತಾವೂ ಯೋಚಿಸಿದ್ದಾಗಿ ಹೇಳಿದರು.

ಇಲ್ಲೊಂದು ಅಡ್ಡಮಾತು. ಈ ಭಾಗದಿಂದ ಸೇನೆಗೆ ಹೋಗುವವರಲ್ಲಿ ಹೆಚ್ಚಿನವರು ಜವಾನರಾಗಿ ಹೋಗಿ ಹವಾಲ್ದಾರ್, ಸುಬೇದಾರ್ ಆಗಿ ಬರುವವರು. ಮೂವತ್ತು ಜನರ ತುಕಡಿಯನ್ನು ಜಗಳ, ಸಾಲ, ಹೆಂಡತಿಯ ಫೋನು, ಎಲ್ಲದರ ನಡುವೆ ಹಿಡಿದಿಡುವವ ಸುಬೇದಾರ. ಮೇಲಿನ ಸಾಹೇಬರಿಗೂ ಕೆಳಗಿನ ಹುಡುಗರಿಗೂ ನಡುವೆ ನಿಂತು ಇಬ್ಬರನ್ನೂ ಒಪ್ಪಿಸುವ ಕೆಲಸ ಅದು. ರಾಜಕಾರಣಕ್ಕೆ ಕರ್ನಲ್‌ಗಿಂತ ಸುಬೇದಾರನ ತಾಲೀಮು ಹತ್ತಿರ ಅಂತ ಯಾರಾದರೂ ವಾದಿಸಿದರೆ ನಾವು ಎದುರಾಡುವುದಿಲ್ಲ. ಟಿಕೆಟ್ ಕೇಳುವ ಸಾಲಿನಲ್ಲಿ ಮಾತ್ರ ಅವನು ಕಾಣುವುದು ಗ್ರಾಮ ಪಂಚಾಯಿತಿಯ ತನಕ. ಮುಂದಿನ ದಿನಗಳಲ್ಲಿ ಅಗ್ನಿವೀರರೂ ಬರುತ್ತಾರೆ; 2022ರ ಯೋಜನೆಯಂತೆ ನಾಲ್ಕು ವರ್ಷದ ಸೇವೆ, ಮುಂದುವರಿಯುವವರು ನೂರಕ್ಕೆ 25ರವರೆಗೆ. ಆಗ ‘ಮಾಜಿ ಸೈನಿಕ’ ಅನ್ನುವ ಪದವೊಂದೇ ಏನನ್ನೂ ಹೇಳುವುದಿಲ್ಲ. ಎಷ್ಟು ವರ್ಷ, ಯಾವ ಕೆಲಸ ಅಂತ ಕೇಳುವ ರೂಢಿ ಈಗಲೇ ಆಗಲಿ.

ಹಿಂದೆ ಆದದ್ದು

ಸಮಿತಿಯಲ್ಲಿ ಕಾರ್ಯಪ್ಪನವರ ಹೆಸರು ಬಂತು. ಕನ್ನಡ ನಾಡಿನಲ್ಲಿ ಈ ಮಾತು ಅವರನ್ನು ಬಿಟ್ಟು ಸಾಗುವುದಿಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು, 1986ರಲ್ಲಿ ಫೀಲ್ಡ್ ಮಾರ್ಷಲ್. 1971ರಲ್ಲಿ ಮುಂಬೈ ಈಶಾನ್ಯದಿಂದ ಲೋಕಸಭೆಗೆ ನಿಂತರು, ಸೋತರು. ಅದೇ ವರ್ಷದ ಕೊನೆಗೆ ಸೇನೆ ಪೂರ್ವದಲ್ಲಿ ಗೆದ್ದಿತು. ದೇಶ ಗೌರವಿಸುವುದು ಬೇರೆ, ಒಂದು ಕ್ಷೇತ್ರ ಆರಿಸುವುದು ಬೇರೆ.

ಬಿ.ಸಿ. ಖಂಡೂರಿ ಅವರದು ಹೆಚ್ಚು ಉಪಯೋಗದ ಉದಾಹರಣೆ. ಸೇನೆಯ ಎಂಜಿನಿಯರ್ ವಿಭಾಗದ ಮೇಜರ್ ಜನರಲ್. ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ಸಿಕ್ಕಿತು; ಕಲಿತ ವಿದ್ಯೆಗೂ ಖಾತೆಗೂ ತಾಳ ಕೂಡಿತು, ಸುವರ್ಣ ಚತುಷ್ಪಥದ ಕೆಲಸ ಓಡಿತು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗ ದಾಟುವವರು ಓಡಾಡುವುದು ಆ ಯೋಜನೆಯ ಮೇಲೆಯೇ. ಮುಂದೆ ಉತ್ತರಾಖಂಡದ ಮುಖ್ಯಮಂತ್ರಿಯಾದರು. 2012ರಲ್ಲಿ ‘ಖಂಡೂರಿ ಬೇಕೇ ಬೇಕು’ ಎಂಬ ಅರ್ಥದ ಘೋಷಣೆಯಲ್ಲಿ ಇಡೀ ಪಕ್ಷ ಚುನಾವಣೆಗೆ ಹೋಯಿತು. ಕೋಟ್‌ದ್ವಾರದಲ್ಲಿ ಸ್ವತಃ ಖಂಡೂರಿ ಸೋತರು. ಶಿಸ್ತಿನ ಮನುಷ್ಯ, ಕೈ ಶುದ್ಧ ಅಂತ ವಿರೋಧಿಗಳೂ ಒಪ್ಪುತ್ತಿದ್ದವರು.

ಯುದ್ಧ ನಡೆಸುವುದಕ್ಕಾದರೂ ಸೈನಿಕನೇ ಬೇಕಲ್ಲ ಅಂದರೆ, 1965ರಲ್ಲಿ ಶಾಸ್ತ್ರಿ, 1971ರಲ್ಲಿ ಇಂದಿರಾ, 1999ರಲ್ಲಿ ವಾಜಪೇಯಿ, ಮೂವರೂ ನಾಗರಿಕರು. 1971ರ ಏಪ್ರಿಲ್‌ನಲ್ಲಿ ಈಗಲೇ ಯುದ್ಧಕ್ಕೆ ಸಿದ್ಧವಿಲ್ಲ ಅಂತ ಸೇನಾ ಮುಖ್ಯಸ್ಥ ಮಾಣೆಕ್ ಷಾ ಹೇಳಿದರು, ಪ್ರಧಾನಿ ಕೇಳಿಸಿಕೊಂಡರು. ಡಿಸೆಂಬರ್‌ವರೆಗೆ ಕಾದರು. 1962ರಲ್ಲಿ ಕೇಳಿಸಿಕೊಳ್ಳುವ ಕೆಲಸವೇ ಕೆಟ್ಟಿತ್ತು. ಆಗ ಈಶಾನ್ಯದಲ್ಲಿ ಕೋರ್ ಕಮಾಂಡರ್ ಆಗಿದ್ದ ಬಿ.ಎಂ. ಕೌಲ್ ನಾಗರಿಕರಲ್ಲ, ಲೆಫ್ಟಿನೆಂಟ್ ಜನರಲ್. ಸಮವಸ್ತ್ರ ಇದ್ದೂ ಕೆಟ್ಟದ್ದಕ್ಕೆ, ಇಲ್ಲದೆಯೂ ನಡೆದದ್ದಕ್ಕೆ ಎರಡಕ್ಕೂ ಸಾಕ್ಷಿ ನಮ್ಮ ಮನೆಯಲ್ಲೇ ಇದೆ.

ಹೊರಗಿನದು ಚುಟುಕಾಗಿ. ಅಮೆರಿಕದ ಮತದಾರರು 1952ರಲ್ಲಿ ಐಸೆನ್‌ಹೋವರ್‌ರನ್ನು ಆರಿಸಿದರು. ಅವರು ಮಿತ್ರರಾಷ್ಟ್ರಗಳ ಒಕ್ಕೂಟದ ದಂಡನಾಯಕ, ಒಬ್ಬರಿಗೊಬ್ಬರು ಜಗ್ಗದ ಬ್ರಿಟಿಷ್, ಫ್ರೆಂಚ್, ಅಮೆರಿಕನ್ ಸೇನಾನಿಗಳನ್ನು ಒಪ್ಪಿಸಿಯೇ ಯುದ್ಧ ನಡೆಸಿದವರು. ಅದೇ ಮತದಾರರು 1992ರಲ್ಲಿ ಹಿರಿಯ ಬುಷ್, 1996ರಲ್ಲಿ ಡೋಲ್, 2004ರಲ್ಲಿ ಕೆರಿ, 2008ರಲ್ಲಿ ಮೆಕೇನ್ ಎಂಬ ನಾಲ್ವರು ಯುದ್ಧವೀರರನ್ನು ಮನೆಗೆ ಕಳಿಸಿದರು. ಮಿಲಿಟರಿಯೇ ನೇರ ಕುರ್ಚಿಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 1958ರ ನಂತರದ ಪಾಕಿಸ್ತಾನ ಇದೆ. ಚುನಾವಣೆಗೆ ನಿಂತ ನಿವೃತ್ತ ಅಧಿಕಾರಿಯನ್ನು ಅದರ ಜೊತೆ ತಕ್ಕಡಿಗೆ ಹಾಕುವುದು ಅನ್ಯಾಯ. ಮತ ಕೇಳಲು ಬಂದವನು ಅಷ್ಟಾದರೂ ತಲೆ ಬಾಗಿಸಿದ್ದಾನೆ.

ಇನ್ನು ನಮ್ಮದೇ ದುರ್ಗ. ಕರಪತ್ರದ ಹಿಂಬದಿಯಲ್ಲಿ ಮದಕರಿ ನಾಯಕ, ಒನಕೆ ಓಬವ್ವ ಇಬ್ಬರ ಚಿತ್ರ. ಮದಕರಿಯ ಕಾಲದಲ್ಲಿ ಆಳುವವನೂ ಕಾದುವವನೂ ಒಬ್ಬನೇ; 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದಾಗ ಆಳ್ವಿಕೆಯೂ ಜೊತೆಗೇ ಬಿತ್ತು. ಓಬವ್ವ ಸೈನ್ಯದ ಪಟ್ಟಿಯಲ್ಲೇ ಇಲ್ಲ, ಕಾವಲುಗಾರನ ಹೆಂಡತಿ. ಅವಳನ್ನು ಸೇನಾ ಸೇವೆಯ ಜಾಹೀರಾತಿಗೆ ಎಳೆದದ್ದು ಯಾಕೋ ತಿಳಿಯದು. ರಾಷ್ಟ್ರನಾಯಕತ್ವಕ್ಕೆ ಈ ಕಡೆಯ ಉದಾಹರಣೆ ಬೇಕಿದ್ದರೆ ನಿಜಲಿಂಗಪ್ಪ ಇದ್ದರು: ಚಿತ್ರದುರ್ಗದ ವಕೀಲ, 1962ರಲ್ಲಿ ಹೊಸದುರ್ಗದಲ್ಲೇ ಸೋತು ಬಾಗಲಕೋಟೆಯಿಂದ ವಿಧಾನಸಭೆಗೆ ಬಂದು ಮುಖ್ಯಮಂತ್ರಿಯಾದವರು, 1968ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷ. ಸ್ವಂತ ಜಿಲ್ಲೆ ‘ಬೇಡ’ ಅಂದದ್ದನ್ನು ನುಂಗಿಕೊಂಡು ಮುಂದೆ ಹೋದವರು.

ಕಾಲುವೆಯ ಪ್ರಶ್ನೆ

ಸಂದರ್ಶನದಲ್ಲಿ ರಕ್ಷಣಾ ನೀತಿಯ ಬಗ್ಗೆ ಕರ್ನಲ್ ಅರ್ಧ ಗಂಟೆ ಮಾತಾಡಿದರು, ಚೆನ್ನಾಗಿಯೇ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ 31 ಜನರಲ್ಲಿ ಕೂತರೆ ಅನುದಾನದ ಬೇಡಿಕೆಯನ್ನು ಸಾಲು ಸಾಲಾಗಿ ಓದಬಲ್ಲ ಮನುಷ್ಯ. ಆಮೇಲೆ ಹರಿಹರ ಕಡೆಯ ಸದಸ್ಯರೊಬ್ಬರು ಕೇಳಿದರು: ‘ಭದ್ರಾ ಕಾಲುವೆ ಕೊನೇ ಭಾಗಕ್ಕೆ ನೀರು ಮುಟ್ಟಲ್ಲ ಸಾರ್. ನೀವು ಎಂಪಿ ಆದ್ರಿ ಅನ್ಕಳ್ಳಿ. ಏನ್ ಮಾಡ್ತೀರಿ?’

ಹಿನ್ನೆಲೆ ಗೊತ್ತಿಲ್ಲದವರಿಗೆ: ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಬಲದಂಡೆ ಕಾಲುವೆ ದಾವಣಗೆರೆ, ಹರಿಹರದ ಭತ್ತದ ಜೀವನಾಡಿ. ಅಣೆಕಟ್ಟು ಪೂರ್ತಿ 186 ಅಡಿ ತುಂಬಿದ ವರ್ಷವೂ ಕೊನೆಯ ಹಳ್ಳಿಗಳಲ್ಲಿ ತೂಬಿನ ಬಾಯಿ ಒಣಗಿರುವುದುಂಟು. ದಾರಿಯುದ್ದಕ್ಕೂ ಕಾಲುವೆಗೆ ಪಂಪ್ ಇಟ್ಟು ನೀರೆತ್ತುತ್ತಾರೆ, ಅಡಿಕೆ ತೋಟ ವರ್ಷ ವರ್ಷ ಹಿಗ್ಗುತ್ತಿದೆ, ಹೂಳು, ಒಡೆದ ಲೈನಿಂಗ್ (ಕಾಲುವೆಯ ಒಳಮೈ ಹೊದಿಕೆ) ಬೇರೆ. ಎಷ್ಟು ದಿನ ನೀರು ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಅನ್ನುವುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನವಾಗುತ್ತದೆ. ಬೇಸಿಗೆ ಬೆಳೆಗೆ ನೀರಿನ ಸರದಿ ಬಂದಾಗ ಹೆದ್ದಾರಿ ತಡೆಯಾಗುವುದು ಇದಕ್ಕೇ.

ಕರ್ನಲ್ ಉತ್ತರ ತಡವಾಗಲಿಲ್ಲ. ‘ಕಾಲುವೆ ಮೇಲೆ ಗಸ್ತು ಹಾಕಿಸ್ತೀನಿ. ಹತ್ತು ದಿನದಲ್ಲಿ ಒಂದು ಪಂಪೂ ಇರಲ್ಲ.’

‘ಪಂಪ್ ಇಟ್ಟೋರೂ ನಮ್ಮ ಕ್ಷೇತ್ರದೋರೇ ಸಾರ್. ಚನ್ನಗಿರಿ, ಮಾಯಕೊಂಡ.’

‘ಕಾನೂನು ಕಾನೂನೇ.’

‘ಗಸ್ತಿಗೆ ಪೊಲೀಸರು ಯಾರ್ ಮಾತು ಕೇಳ್ತಾರೆ?’

ಇಲ್ಲಿ ಕರ್ನಲ್ ನಿಂತರು. ಪೊಲೀಸರು ರಾಜ್ಯ ಸರ್ಕಾರದವರು, ಕಾಲುವೆ ರಾಜ್ಯದ ನಿಗಮದ್ದು, ಸಂಸದ ಅಲ್ಲಿ ಹೇಳಬಹುದೇ ಹೊರತು ಹೊರಡಿಸುವ ಆದೇಶ ಯಾವುದೂ ಇಲ್ಲ. ತನ್ನ ಹೆಸರಿನ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 5 ಕೋಟಿ, ಅದರಲ್ಲೂ ಸಂಸದನ ಕೈಲಿರುವುದು ಶಿಫಾರಸು ಮಾತ್ರ. ಮಂಜೂರಾತಿ, ಟೆಂಡರ್, ಬಿಲ್ಲು ಎಲ್ಲ ಜಿಲ್ಲಾಡಳಿತ. ಭದ್ರಾ ಮೇಲ್ದಂಡೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ ಆಯಿತಲ್ಲ, ಕರ್ನಲ್‌ರ ಸ್ವಂತ ಜಗಳೂರಿಗೂ ನೀರು ತರಬೇಕಾದ ಯೋಜನೆ, ಅದರ ಹಣಕ್ಕೆ ಓಡಾಡುವುದೂ ಬೇಡುವ ಕೆಲಸವೇ. ಮೂವತ್ತೆರಡು ವರ್ಷ ಫೈಲಿನ ಮೇಲೆ ಸಹಿ ಹಾಕಿದರೆ ಕೆಲಸ ಆಗುತ್ತಿದ್ದವರಿಗೆ ಇದು ಕಷ್ಟದ ತಿರುವು. ಸೇನೆಯಿಂದ ಬಂದವರು ಮೊದಲ ಎರಡು ವರ್ಷ ಸಿಡುಕುವುದು ಇಲ್ಲೇ. ಕೆಲವರು ಆ ಸಿಡುಕಿನಲ್ಲೇ ಅವಧಿ ಮುಗಿಸುತ್ತಾರೆ.

ಸಮಿತಿ ಉತ್ತರಕ್ಕೆ ಅಂಕ ಹಾಕಲಿಲ್ಲ. ಹತ್ತು ದಿನ ಕೊಟ್ಟು, ಕಾಲುವೆ ನೋಡಿ ಬನ್ನಿ ಅಂತ ಕಳಿಸಿತು.

ಹತ್ತನೇ ದಿನ ಕರ್ನಲ್ ತಂದದ್ದು ಒಂದು ನೋಟ್‌ಬುಕ್. ನೀಲಿ ಶಾಯಿ, ದಿನಕ್ಕೆರಡು ಹೊತ್ತು, ಆರು ಕಡೆ ನೀರಿನ ಮಟ್ಟ ಅಳೆಯುವ ಗೇಜ್ ಓದಿದ ಲೆಕ್ಕ. ಎಷ್ಟು ಅಡಿ ನಿಂತಿತ್ತು, ಮುಂದಿನ ಗೇಜ್‌ಗೆ ಎಷ್ಟು ಮುಟ್ಟಿತು, ನಡುವೆ ಎಷ್ಟು ಪಂಪ್ ಕಂಡವು, ಎಷ್ಟು ಓಡುತ್ತಿದ್ದವು. ಒಂದು ಪುಟದಲ್ಲಿ ಮಾತ್ರ ಕೆಂಪು ಗುರುತು: ಪಂಪ್ ತೀರಾ ಕಡಿಮೆ ಇದ್ದ ತುಂಡಿನಲ್ಲೇ ನೀರು ಹೆಚ್ಚು ಸೋರಿತ್ತು, ಲೈನಿಂಗ್ ಒಡೆದು. ಅಂದರೆ ಗಸ್ತು ಹಾಕಿದ್ದರೂ ಆ ನೀರು ಬರುತ್ತಿರಲಿಲ್ಲ. ತಮ್ಮ ಮೊದಲ ಉತ್ತರವನ್ನು ತಾವೇ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು.

ಇದು ಸೇನೆ ಕೊಟ್ಟದ್ದು. ನೆಲ ನೋಡದೆ ಯೋಜನೆ ಬರೆಯಬಾರದು ಅನ್ನುವ ಅಭ್ಯಾಸ, ಕಂಡದ್ದನ್ನು ಗಂಟೆ ಹಾಕಿ ಬರೆದಿಡುವುದು, ತಪ್ಪಿದ್ದರೆ ತಪ್ಪು ಅನ್ನುವುದು. ಇಷ್ಟು ಮಾಡುವುದು ಕ್ಷೇತ್ರದ ಬಹಳ ರಾಜಕಾರಣಿಗಳಿಗೆ ಬರುವುದಿಲ್ಲ. ಕರಪತ್ರದಲ್ಲಿ ಇರಬೇಕಾದದ್ದು ಸಿಯಾಚಿನ್ ಅಲ್ಲ, ಈ ನೋಟ್‌ಬುಕ್ಕು.

ಆದರೂ ನೋಟ್‌ಬುಕ್ಕಿನ ಕೊನೆಗಿದ್ದ ಭೇಟಿಯ ಪಟ್ಟಿ ಸಮಿತಿಯ ಇಬ್ಬರ ಕಣ್ಣಿಗೆ ಚುಚ್ಚಿತು. ಕಾರ್ಯಪಾಲಕ ಎಂಜಿನಿಯರ್, ಸಹಾಯಕ ಎಂಜಿನಿಯರ್, ತಹಶೀಲ್ದಾರ್, ರೈತ ಸಂಘದ ಅಧ್ಯಕ್ಷ. ಗೇಟು ತಿರುಗಿಸುವ ಸೌಡಿ ಇಲ್ಲ. ಪಂಪ್ ಇಟ್ಟ ಒಬ್ಬನೂ ಇಲ್ಲ.

ಪ್ರಚಾರದಲ್ಲಿ ಎಲ್ಲಿ ಎಡವುತ್ತಾರೆ

ಟಿಕೆಟ್ ತೀರ್ಮಾನಕ್ಕೆ ಮೊದಲೇ ಬೆಂಬಲಿಗರು ಜಯದೇವ ಸರ್ಕಲ್ ಹತ್ತಿರ ಫ್ಲೆಕ್ಸ್ ಕಟ್ಟಿದ್ದರು: ನಡುವೆ ಸಮವಸ್ತ್ರದ ಕರ್ನಲ್, ಹಿಂದೆ ಟ್ಯಾಂಕು, ಮೇಲೆ ತ್ರಿವರ್ಣ ಧ್ವಜ, ಕೆಳಗೆ ಪಕ್ಷದ ಗುರುತು. ಸಮಿತಿಯ ವಕೀಲ ಸದಸ್ಯರು ಅದೇ ರಾತ್ರಿ ಬಿಚ್ಚಿಸಿದರು.

ರಕ್ಷಣಾ ಪಡೆಯವರ ಫೋಟೊವನ್ನು ಜಾಹೀರಾತಿಗೆ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಬರೆದಿತ್ತು, 2019ರ ಮಾರ್ಚ್‌ನಲ್ಲಿ ನೆನಪಿಸಿ ಮತ್ತೆ ಬರೆಯಿತು; ಸೇನೆಯ ಕಾರ್ಯಾಚರಣೆಯನ್ನು ಪ್ರಚಾರಕ್ಕೆ ಎಳೆಯಬೇಡಿ ಅಂತಲೂ ಹೇಳಿತು. ತನ್ನದೇ ಹಳೆಯ ಫೋಟೊ ಅಲ್ಲವೇ ಅನ್ನುವ ವಾದ ಇದೆ. ಇರಲಿ, ನೋಟಿಸಿಗೆ ಉತ್ತರ ಬರೆಯುತ್ತಾ ಪ್ರಚಾರದ ಎರಡು ದಿನ ಕಳೆಯುವ ವಾದ ಅದು. ಧ್ವಜದ ವಿಷಯ ಇನ್ನೂ ಗಟ್ಟಿ: ರಾಷ್ಟ್ರಧ್ವಜ, ರಾಷ್ಟ್ರಲಾಂಛನ ತೋರಿಸಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನ ಭ್ರಷ್ಟ ಆಚರಣೆ.

ಎಲ್ಲಕ್ಕಿಂತ ಅಪಾಯದ್ದು ಕಾಣದೇ ಇರುವಂಥದ್ದು. ಹಳೇ ಬೆಟಾಲಿಯನ್ನಿನ ವಾಟ್ಸಾಪ್ ಗುಂಪು. ಅದರಲ್ಲಿ ಈಗಲೂ ಸೇವೆಯಲ್ಲಿರುವ ಹವಾಲ್ದಾರ್‌ಗಳು, ಪ್ರೀತಿಯಿಂದಲೇ, ‘ನಮ್ಮ ಸಿಒ ಸಾಬ್‌ಗೆ ಮತ ಹಾಕಿ’ ಅಂತ ಊರಿನವರಿಗೆ ಕಳಿಸತೊಡಗಿದರು. 1954ರ ಸೇನಾ ನಿಯಮ 20ರಂತೆ ಸೇವೆಯಲ್ಲಿರುವವರು ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ. ಹವಾಲ್ದಾರನ ನೌಕರಿಗೇ ಕುತ್ತು. ಅಭ್ಯರ್ಥಿಗೂ ಬಿಡುಗಡೆ ಇಲ್ಲ: ಸಶಸ್ತ್ರ ಪಡೆಯವರ ನೆರವನ್ನು ಅಭ್ಯರ್ಥಿಯಾಗಲಿ, ಏಜೆಂಟನಾಗಲಿ, ಅವರ ಒಪ್ಪಿಗೆಯಿಂದ ಇನ್ನೊಬ್ಬರಾಗಲಿ ಪಡೆದರೆ 123(7)ರಡಿ ಭ್ರಷ್ಟ ಆಚರಣೆ. ಗೆದ್ದ ಚುನಾವಣೆಯೇ ಹೈಕೋರ್ಟಿನಲ್ಲಿ ರದ್ದಾಗಬಹುದು, ಆರು ವರ್ಷದ ತನಕ ಅನರ್ಹತೆಯೂ ಬರಬಹುದು. ಕರ್ನಲ್ ಗುಂಪಿನಿಂದ ಹೊರಬಂದು, ಹಾಗೆ ಕಳಿಸಬೇಡಿ ಅಂತ ಬರಹದಲ್ಲಿ ಹೇಳಿ, ಅದರ ಪ್ರತಿ ಇಟ್ಟುಕೊಂಡರು. ಕರಪತ್ರಗಳ ಮೇಲೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲಿಲ್ಲ. 127ಎ ಕಲಮಿಗೆ ಅದೂ ತಪ್ಪು. ಎಲ್ಲವನ್ನೂ ರದ್ದಿಗೆ ಹಾಕಿದರು.

ಟಿಪ್ಪಣಿ

ಮೂವರ ಬಹುಮತದ ಟಿಪ್ಪಣಿ ಒಂದು ಪುಟಕ್ಕಿಂತ ಕಡಿಮೆ. ಸೇನಾ ಸೇವೆಗೆ ಬೇರೆಯಾಗಿ ಅಂಕ ಕೊಟ್ಟಿಲ್ಲ. ಕಂಟೋನ್ಮೆಂಟ್ ಬೋರ್ಡಿನ ಎರಡೂವರೆ ವರ್ಷ, ಕಾಂಗೋದ ಒಂದು ವರ್ಷ, ಕಾಲುವೆಯ ನೋಟ್‌ಬುಕ್ಕು, ಈ ಮೂರನ್ನು ಹೆಸರಿಸಿ ‘ಪರಿಗಣಿಸಬಹುದು’ ಅಂತ ಬರೆದು ಹೆಸರನ್ನು ಮೇಲೆ ಕಳಿಸಿದೆ. ರಕ್ಷಣೆಯ ಖಾತೆಯ ಮಾತಿಗೆ ಒಂದೇ ಸಾಲು: ಮೊದಲು ಸ್ಥಾಯಿ ಸಮಿತಿಯಲ್ಲಿ ಒಂದು ಅವಧಿ ಕೂರಲಿ. ಹೊಸ ಕರಪತ್ರದಲ್ಲಿ ಮೂರನೇ ಸಾಲು ಇರಬಾರದು ಎಂಬ ಷರತ್ತು.

ಇಬ್ಬರ ಭಿನ್ನಮತವನ್ನು ಕೆಳಗೆ ಕೈಬರಹದಲ್ಲಿ ಸೇರಿಸಿದ್ದಾರೆ. ‘ಹತ್ತು ದಿನ ಕಾಲುವೆ ಸುತ್ತಿದವರು ಎಂಜಿನಿಯರ ಮನೆಗೆ ಎರಡು ಸಲ ಹೋಗಿದ್ದಾರೆ, ಸೌಡಿ ಮನೆಗೆ ಒಂದು ಸಲವೂ ಹೋಗಿಲ್ಲ. ಈ ಸಲ ಬೇಡ.’